ಹೊಸ ಬೆಡ್‌ಶೀಟು, ಟವೆಲು, ಪರದೆಗಳ ಮೊದಲ ಒಗೆತ: ಅಂಟುವಾಳವೋ, ಸೋಡಾವೋ, ಲಿಕ್ವಿಡ್ಡೋ?

ದಸರಾ ವಸ್ತುಪ್ರದರ್ಶನದ ಮಳಿಗೆಯಿಂದ ತಂದ ಕೈಮಗ್ಗದ ಹೊದಿಕೆ, ಶಿವರಾಂಪೇಟೆಯಲ್ಲಿ ಕೊಂಡ ಡಬಲ್ ಬೆಡ್‌ಶೀಟು, ಆನ್‌ಲೈನಿನಲ್ಲಿ ತರಿಸಿದ ಟವೆಲ್ ಸೆಟ್ಟು. ಮೂರರಲ್ಲೂ ಕೊಳೆ ಇಲ್ಲ, ಇರುವುದು ಬೇರೆ. ನೇಯುವಾಗ ಹಾಸಿನ ನೂಲು ಕಡಿಯದಿರಲೆಂದು ಹಾಕಿದ ಗಂಜಿ, ಮಗ್ಗದ ಎಣ್ಣೆ, ನೂಲಿಗೆ ಕಚ್ಚದೆ ಮೇಲೆಯೇ ಉಳಿದ ಬಣ್ಣ, ಅಂಗಡಿಯಲ್ಲಿ ಮುಟ್ಟಿದಾಗ ನುಣುಪೆನಿಸಲೆಂದು ಕೊಟ್ಟ ಸಿಲಿಕೋನ್ ಲೇಪ. 'ಸುಕ್ಕು ಬೀಳದು' ಎಂದು ಮಾರುವ ಬೆಡ್‌ಶೀಟುಗಳಲ್ಲಿ ಇವುಗಳ ಜೊತೆಗೆ ಫಾರ್ಮಾಲ್ಡಿಹೈಡ್ ಆಧಾರದ ರಾಳವೂ ಇರಬಹುದು. ಹೊಸ ಪ್ಯಾಕೆಟ್ ಬಿಚ್ಚಿದಾಗ ಮೂಗಿಗೆ ಬಡಿಯುವ ಘಾಟಿಗೆ ಇದೂ ಒಂದು ಕಾರಣ.

ಹಾಗಾಗಿ ಬೆವರು, ಮಣ್ಣು ತೆಗೆಯಲೆಂದು ಮಾಡಿದ ಪುಡಿಯನ್ನು ಎರಡು ಪಾಲು ಸುರಿದ ಮಾತ್ರಕ್ಕೆ ಹೊಸ ಬಟ್ಟೆ ಚೆನ್ನಾಗಿ ಒಗೆದಂತಾಗುವುದಿಲ್ಲ. ಗಂಜಿಗೆ ಬೇಕಾದದ್ದು ನೆನೆಯುವ ಸಮಯ, ಎಣ್ಣೆಗೆ ಬಿಸಿ ಮತ್ತು ಕ್ಷಾರ, ಬಿಡುಬಣ್ಣಕ್ಕೆ ಸಾಕಷ್ಟು ನೀರು. ಪರಿಸರಕ್ಕೆ ಹಿತವಾದ ಒಗೆತವೆಂದರೆ ಮೊದಲನೆಯದಾಗಿ ಕಡಿಮೆ ರಾಸಾಯನಿಕದ ಒಗೆತ. ಯಾವ ಡಬ್ಬಿಯ ಮೇಲೆ ಎಲೆಯ ಚಿತ್ರವಿದೆ ಎಂಬುದು ಆಮೇಲಿನ ಮಾತು. ಆಯ್ಕೆಯನ್ನು ತೀರ್ಮಾನಿಸುವ ಸಂಗತಿಗಳು ಎರಡು: ನಿಮ್ಮ ಮನೆಯ ನೀರು ಎಂಥದ್ದು, ಬಟ್ಟೆಯ ಮೇಲೆ ಏನಿದೆ.

ಮೊದಲು ನೀರು

ಮೈಸೂರಿನ ನಲ್ಲಿಗಳಿಗೆ ಬರುವುದು ಕಾವೇರಿ ಮತ್ತು ಕಬಿನಿಯ ನೀರು; ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಸ್ಥಾವರಗಳಿಂದ ಬರುವುದು ಕಾವೇರಿಯದು. ಹೊಳೆಯ ನೀರು ಬೋರ್‌ವೆಲ್ ನೀರಿಗಿಂತ ಮೆದು. ಹೊರವಲಯದ ಬಡಾವಣೆಗಳಲ್ಲಿ, ಮಂಡ್ಯ ಸುತ್ತಮುತ್ತಲ ಹಳ್ಳಿಗಳಲ್ಲಿ ಬೋರ್ ನೀರನ್ನೇ ನಂಬಿದ ಮನೆಗಳ ಲೆಕ್ಕ ಬೇರೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪಿತ ಮಿತಿ ಎನ್ನುತ್ತದೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಬಿಡುತ್ತದೆ. ಕುಡಿಯಲು ನಡೆಯುವ 400 ಮಿಲಿಗ್ರಾಂ ನೀರು ಬಟ್ಟೆ ಸೋಪಿಗೆ ನಡೆಯುವುದಿಲ್ಲ.

ಪರೀಕ್ಷೆ ಸುಲಭ. ಅರ್ಧ ಲೀಟರಿನ ಪಾರದರ್ಶಕ ಬಾಟಲಿಗೆ ಅರ್ಧದಷ್ಟು ನೀರು ಹಾಕಿ, ಮೈಸೋಪನ್ನು ಹೆರೆದು ಎರಡು ಚಿಟಿಕೆ ಸೇರಿಸಿ, ಕರಗಿದ ಮೇಲೆ ಜೋರಾಗಿ ಕುಲುಕಿ. ನೊರೆ ಎದ್ದು ಐದು ನಿಮಿಷ ನಿಂತು, ಕೆಳಗಿನ ನೀರು ಬಹುಮಟ್ಟಿಗೆ ತಿಳಿಯಾಗಿದ್ದರೆ ನೀರು ಮೆದು. ನೊರೆ ಏಳದೆ ನೀರು ಹಾಲಿನಂತಾಗಿ, ಮೇಲೆ ಬಿಳಿ ಗಸಿ ತೇಲಿದರೆ ಗಡಸು. ಆ ಗಸಿ ಸೋಪು ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಆದದ್ದು. ಇದೇ ಗಸಿ ಟವೆಲ್ಲಿನ ಎಳೆಗಳಲ್ಲಿ ಕೂತು ಅದನ್ನು ಒರಟು ಮಾಡುತ್ತದೆ, ಬಿಳಿಯ ದಿಂಬಿನ ಕವರನ್ನು ಮಾಸಲು ಮಾಡುತ್ತದೆ. ಪರೀಕ್ಷೆಗೆ ಡಿಟರ್ಜೆಂಟ್ ಬಾರ್ ಬಳಸಬೇಡಿ, ಅದು ಗಡಸು ನೀರಿನಲ್ಲೂ ನೊರೆ ಬಿಡುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಆರ್‌ಓ ಫಿಲ್ಟರ್ ಹೊರಹಾಕುವ ನೀರನ್ನು ವ್ಯರ್ಥ ಮಾಡಬಾರದೆಂದು ಹಿಡಿದಿಟ್ಟು ಬಟ್ಟೆಗೆ ಬಳಸುವವರು ಬಹಳ. ಉದ್ದೇಶ ಒಳ್ಳೆಯದು, ಆದರೆ ನಿಮ್ಮ ಮನೆಗೆ ಬರುವ ನೀರಿಗಿಂತ ಅದು ಹೆಚ್ಚು ಗಡಸು. ಒಳಗೆ ತಡೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ನೆಲ ಒರೆಸಲು, ಬಚ್ಚಲು ತೊಳೆಯಲು ಬಳಸಿ, ಹೊಸ ಟವೆಲ್ಲಿಗೆ ಬೇಡ. ಮಳೆನೀರು ಹಿಡಿಯುವ ತೊಟ್ಟಿ ಇದ್ದರೆ ಮೊದಲ ಒಗೆತಕ್ಕೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಬಟ್ಟೆಯ ಮೇಲೆ ಏನಿದೆ ಎಂದು ತಿಳಿಯುವುದು

ಒಂದು ಹನಿ ನೀರು ಬಿಡಿ. ಐದಾರು ಸೆಕೆಂಡಿನಲ್ಲಿ ಹೀರಿದರೆ ಎಣ್ಣೆ, ಲೇಪ ಹೆಚ್ಚಿಲ್ಲ. ಮಣಿಯಂತೆ ನಿಂತರೆ ಇದೆ. ಗಂಜಿ ತಿಳಿಯಲು ಔಷಧಿ ಅಂಗಡಿಯ ಅಯೋಡಿನ್ ದ್ರಾವಣವನ್ನು ಹತ್ತು ಪಾಲು ನೀರಿಗೆ ಬೆರೆಸಿ ಒಳಮಡಿಕೆಯ ಅಂಚಿಗೆ ಒಂದು ಹನಿ ಹಾಕಿ. ನೀಲಿಗಪ್ಪು ಬಣ್ಣ ಬಂದರೆ ಗಂಜಿ ಇದೆ, ಹಳದಿಯಾಗಿಯೇ ಉಳಿದರೆ ಇಲ್ಲ. ಕಲೆಯ ಭಯವಿದ್ದರೆ ವಿಟಮಿನ್ ಸಿ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಹಚ್ಚಿದರೆ ಅಯೋಡಿನ್ ಬಣ್ಣ ಮಾಯವಾಗುತ್ತದೆ. ಬಣ್ಣ ಬಿಡುತ್ತದೆಯೇ ಎಂದು ನೋಡಲು ಮೂಲೆಯನ್ನು ಒದ್ದೆ ಮಾಡಿ, ಬಿಳಿ ಹತ್ತಿ ಬಟ್ಟೆಯ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿ.

ಅಂಟುವಾಳ

ಸಂತೇಪೇಟೆಯ ಗ್ರಂದಿಗೆ ಅಂಗಡಿಗಳಲ್ಲಿ ಸಿಗುವ ಅಂಟುವಾಳದ ಕಾಯಿಯ ಶಕ್ತಿ ಇರುವುದು ಸಿಪ್ಪೆಯಲ್ಲಿರುವ, ನೊರೆ ಬರಿಸುವ ಸಪೋನಿನ್ ಎಂಬ ಅಂಶದಲ್ಲಿ, ಬೀಜದಲ್ಲಿ ಅಲ್ಲ. ಆದ್ದರಿಂದ ಬೀಜ ತೆಗೆದ ಸಿಪ್ಪೆಯನ್ನೇ ತೂಗಿಸಿ ಕೊಳ್ಳಿ, ಇಲ್ಲವಾದರೆ ಬೀಜದ ಭಾರಕ್ಕೂ ದುಡ್ಡು ಕೊಟ್ಟಂತಾಗುತ್ತದೆ. ನಮ್ಮ ಕಡೆಯ ಮರ ಸಪಿಂಡಸ್ ಟ್ರೈಫೋಲಿಯೇಟಸ್, ಕಾಯಿ ಮೂರು ಹೋಳಾಗಿ ಕೂಡಿಕೊಂಡಿರುತ್ತದೆ. 'ರೀಠಾ' ಎಂದು ಆನ್‌ಲೈನಿನಲ್ಲಿ ಬರುವುದು ಹೆಚ್ಚಾಗಿ ಉತ್ತರದ ಸಪಿಂಡಸ್ ಮುಕೊರೊಸ್ಸಿ. ಒಗೆತಕ್ಕೆ ಎರಡೂ ಸರಿ.

ಒಂದು ಡಬಲ್ ಬೆಡ್‌ಶೀಟು, ಎರಡು ದಿಂಬಿನ ಕವರು ಸೇರಿ ಸುಮಾರು ಒಂದು ಕಿಲೋ ಬಟ್ಟೆ. ಇದಕ್ಕೆ 30 ಗ್ರಾಂ ಸಿಪ್ಪೆ ಸಾಕು. ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 15 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ, ಒದ್ದೆ ಪಂಚೆ ಬಟ್ಟೆಯಲ್ಲಿ ಸೋಸಿ. ಕುದಿಯುವಾಗ ನೊರೆ ಉಕ್ಕಿ ಒಲೆಯ ಮೇಲೆ ಚೆಲ್ಲುತ್ತದೆ, ದೊಡ್ಡ ಪಾತ್ರೆ ಇಡಿ. ಕಿವುಚಿದ ಕೈ ಕಣ್ಣಿಗೆ ತಾಗದಿರಲಿ, ಉರಿ ಜೋರು. ಈ ನೀರನ್ನು 15 ಲೀಟರ್ ಉಗುರುಬೆಚ್ಚಗಿನ ನೀರಿಗೆ ಬೆರೆಸಿ, ಬಟ್ಟೆ ಅರ್ಧ ಗಂಟೆ ನೆನೆಸಿ, ಕುಕ್ಕಿ ಒಗೆದು ಎರಡು ಬಾರಿ ಜಾಲಿಸಿ. ಮಾಡಿಟ್ಟ ನೀರು ಎರಡು ಮೂರು ದಿನಕ್ಕೆ ಹುಳಿತು ನಾರುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ. ಮಿಶಿನ್ನಿಗಾದರೆ 150 ಮಿಲಿಲೀಟರ್ ಸೋಸಿದ ನೀರು ಸಾಕು. ಚೀಲದಲ್ಲಿ ಸಿಪ್ಪೆ ಕಟ್ಟಿ ಡ್ರಮ್ಮಿಗೆ ಹಾಕುವ ಪದ್ಧತಿ ತಣ್ಣೀರಿನ ಒಗೆತದಲ್ಲಿ ಅಷ್ಟೇನೂ ಕೆಲಸ ಮಾಡದು, ಸಪೋನಿನ್ ಬಿಡುವುದು ಬಿಸಿಗೆ.

ಇದರ ದೊಡ್ಡ ಗುಣ ಗಡಸು ನೀರಿನಲ್ಲಿ ಗಸಿ ಕಟ್ಟದಿರುವುದು, ಬಣ್ಣಗಳ ಮೇಲೆ ಮೃದುವಾಗಿರುವುದು. ಇತಿಮಿತಿಯೂ ಸ್ಪಷ್ಟ. ಗಂಜಿಯನ್ನು ಇದು ಒಡೆಯುವುದಿಲ್ಲ. ಮಗ್ಗದ ಎಣ್ಣೆಯ ಕಲೆಗೆ ಇದರ ಬಲ ಸಾಲದು. ಅಚ್ಚ ಬಿಳಿಯ ಬಟ್ಟೆಗೆ ತೆಳು ಕಂದು ಛಾಯೆ ಬರುತ್ತದೆ. ಸಸ್ಯಜನ್ಯವಾದರೂ ಸಪೋನಿನ್ ಮೀನಿಗೆ ವಿಷ. ಕಿವಿರುಗಳಿಗೆ ಪೆಟ್ಟು ಕೊಡುತ್ತದೆ, ಮೀನು ಮಂಕಾಗಿಸಿ ಹಿಡಿಯಲು ಇಂಥ ಕಾಯಿಗಳನ್ನು ಬಳಸುತ್ತಿದ್ದುದೂ ಇದಕ್ಕೇ. ಆದ್ದರಿಂದ 'ಅಂಟುವಾಳ ತಾನೇ' ಎಂದು ವಿಶ್ವೇಶ್ವರಯ್ಯ ನಾಲೆಯ ಮೆಟ್ಟಿಲ ಮೇಲೆ, ಕೆರೆ ಏರಿಯ ಕಲ್ಲಿನ ಮೇಲೆ ಒಗೆಯಬೇಡಿ. ಮಣ್ಣಿಗೆ ಬಿದ್ದರೆ ಅದು ಬೇಗ ಕೊಳೆಯುತ್ತದೆ, ನಿಂತ ನೀರಿಗೆ ಬಿದ್ದರೆ ಕೊಲ್ಲುತ್ತದೆ.

ಸೀಗೆಕಾಯಿಯ ಗುಣವೂ ಹೆಚ್ಚು ಕಡಿಮೆ ಇದೇ, ಕಂದು ಬಣ್ಣ ಇನ್ನೂ ಜಾಸ್ತಿ. ತಲೆಗೇ ಇರಲಿ, ಬೆಡ್‌ಶೀಟಿಗೆ ಬೇಡ.

ವಾಷಿಂಗ್ ಸೋಡಾ

ಅಗಸರು ಬಟ್ಟೆಗೆ ಚೌಳು ಮಣ್ಣು ಹಚ್ಚಿ ಉಬ್ಬೆಗೆ ಹಾಕುತ್ತಿದ್ದರಲ್ಲ (ಹಬೆಯಲ್ಲಿ ಬೇಯಿಸುತ್ತಿದ್ದರಲ್ಲ), ಅದರ ಹಿಂದಿನ ರಸಾಯನ ಇದೇ ಸೋಡಿಯಂ ಕಾರ್ಬೋನೇಟ್. ಬಿಳಿ ಹತ್ತಿಯ ಮೊದಲ ಒಗೆತಕ್ಕೆ ಇದಕ್ಕಿಂತ ಅಗ್ಗದ, ಪರಿಣಾಮಕಾರಿಯಾದ ವಸ್ತು ಇನ್ನೊಂದಿಲ್ಲ. ಎಣ್ಣೆ, ಮೇಣವನ್ನು ಬಿಡಿಸುತ್ತದೆ, ನೀರಿನ ಗಡಸುತನವನ್ನೂ ಇಳಿಸುತ್ತದೆ.

ಲೆಕ್ಕ ಹೀಗೆ: ಲೀಟರಿಗೆ 400 ಮಿಲಿಗ್ರಾಂ ಗಡಸುತನದ 20 ಲೀಟರ್ ನೀರಿನಲ್ಲಿ ಒಟ್ಟು 8 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟಿನಷ್ಟು ಗಡಸು ಇರುತ್ತದೆ. ಅದನ್ನು ತೆಗೆಯಲು ಒಣಪುಡಿಯ ಸೋಡಾ ಸುಮಾರು 8.5 ಗ್ರಾಂ, ಅಂದರೆ ಎರಡು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಅಂಗಡಿಯಲ್ಲಿ ಸಿಕ್ಕಿದ್ದು ಗಾಜಿನಂಥ ಹರಳಾಗಿದ್ದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾರ ನೀರಿನದ್ದೇ. ಅದೇ ಕೆಲಸಕ್ಕೆ 23 ಗ್ರಾಂ ಬೇಕು. ಎಣ್ಣೆ ಬಿಡಿಸಲು ಇದರ ಮೇಲೆ ಇನ್ನೂ ಒಂದೆರಡು ಟೀ ಚಮಚ ಪುಡಿ.

ಬಹಳ ಮಂದಿ ತಪ್ಪುವುದು ಕ್ರಮದಲ್ಲಿ. ಬಟ್ಟೆ ಮುಳುಗಿಸಿ ಅದರ ಮೇಲೆ ಸೋಡಾ ಉದುರಿಸಿದರೆ ಗಡಸು ಸುಣ್ಣವಾಗಿ ಬಟ್ಟೆಯ ಮೇಲೆಯೇ ಕೂರುತ್ತದೆ. ಮೊದಲು ಬಿಸಿನೀರಿಗೆ ಸೋಡಾ ಬೆರೆಸಿ ಅರ್ಧ ಗಂಟೆ ಬಿಡಿ, ಬಿಳಿ ಮಡ್ಡಿ ತಳಕ್ಕಿಳಿಯಲಿ, ಮೇಲಿನ ತಿಳಿಯನ್ನು ಬೇರೆ ಟಬ್ಬಿಗೆ ಬಗ್ಗಿಸಿ ಅದರಲ್ಲಿ ಬಟ್ಟೆ ನೆನೆಸಿ. ಚಾವಣಿಯ ಮೇಲೆ ಸೋಲಾರ್ ಹೀಟರ್ ಇರುವ ಮನೆಗಳಲ್ಲಿ ಮಧ್ಯಾಹ್ನದ 50–60 ಡಿಗ್ರಿ ನೀರು ಪುಕ್ಕಟೆ. ಬೆಳಗಿನ ಸ್ನಾನಕ್ಕೆ ಬೇಕಾದ ನೀರಿಗೆ ಕೈ ಹಾಕದಂತೆ ಬಿಸಿಲು ಚುರುಕಿದ್ದ ದಿನ ಮಧ್ಯಾಹ್ನವೇ ಒಗೆತ ಇಟ್ಟುಕೊಳ್ಳಿ.

ಸೋಡಾ ಉಣ್ಣೆಗೆ, ರೇಷ್ಮೆಗೆ, ಸಸ್ಯಬಣ್ಣದ ಬಟ್ಟೆಗೆ ಕೂಡದು. ಅರಿಶಿನದಿಂದ ಬಣ್ಣ ಹಾಕಿದ್ದು ಸೋಡಾ ತಾಗಿದ ಕೂಡಲೇ ಕೆಂಪಾಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೆರೆಸಬೇಡಿ, ಪಾತ್ರೆ ತಿನ್ನುತ್ತದೆ. ಕೈಗೆ ಗ್ಲೌಸ್ ಇರಲಿ. ಅಡುಗೆ ಸೋಡಾ ಇದಕ್ಕೆ ಬದಲಿ ಆಗುವುದಿಲ್ಲ, ಅದರ ಕ್ಷಾರ ಬಹಳ ಸೌಮ್ಯ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಬಂದದ್ದನ್ನು ಕೊಳೆ ಹೋದ ಗುರುತೆಂದು ತೋರಿಸುವ ವಿಡಿಯೋಗಳನ್ನು ನಂಬಬೇಡಿ. ಎರಡೂ ಒಂದನ್ನೊಂದು ಕಳೆದುಕೊಂಡು ಉಳಿಯುವುದು ಉಪ್ಪುನೀರು.

ಹಳ್ಳಿಯಲ್ಲಿ ಸೌದೆ ಒಲೆ ಇದ್ದರೆ ಬೂದಿ ನೀರೂ ಇದೇ ಕುಟುಂಬದ್ದು. ಜರಡಿ ಹಿಡಿದ 250 ಗ್ರಾಂ ಬೂದಿಯನ್ನು 5 ಲೀಟರ್ ನೀರಿನಲ್ಲಿ ಕಲಸಿ ರಾತ್ರಿಯಿಡೀ ಬಿಟ್ಟು ತಿಳಿ ಬಗ್ಗಿಸಿಕೊಂಡರೆ ಕ್ಷಾರದ ನೀರು ಸಿದ್ಧ. ಇದರಲ್ಲಿರುವುದು ಹೆಚ್ಚಾಗಿ ಪೊಟ್ಯಾಸಿಯಂ, ಆದ್ದರಿಂದ ಗಿಡಕ್ಕೆ ಸೋಡಾ ನೀರಿನಷ್ಟು ಕೇಡಲ್ಲ. ಪ್ಲಾಸ್ಟಿಕ್ ಹಾಕಿ ಉರಿಸಿದ ಒಲೆಯ ಬೂದಿ ಮಾತ್ರ ಬೇಡವೇ ಬೇಡ.

ಬಾರ್ ಸೋಪು, ಪುಡಿ, ಲಿಕ್ವಿಡ್

ನಿಜವಾದ ಸೋಪು ಬೇಗ ಕೊಳೆಯುತ್ತದೆ, ಮೆದು ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಾವೇರಿ ನಲ್ಲಿ ನೀರಿದ್ದರೆ ಹಿಂಜರಿಯದೆ ಬಳಸಿ. ಗಡಸು ನೀರಿದ್ದರೆ ಮುಟ್ಟಬೇಡಿ. ಬಾರ್ ಎಂದು ಮಾರುವುದೆಲ್ಲ ಸೋಪಲ್ಲ, ಡಿಟರ್ಜೆಂಟ್ ಬಾರಿನಲ್ಲಿ ಭರ್ತಿಗೆ ಹಾಕಿದ ಕಲ್ಲುಪುಡಿ ಬಹಳ.

ಪುಡಿ ಮತ್ತು ಲಿಕ್ವಿಡ್ ನಡುವೆ ಹೊಸ ಬಟ್ಟೆಯ ಮಟ್ಟಿಗೆ ನಮ್ಮ ಮತ ಲಿಕ್ವಿಡ್ಡಿಗೆ. ಪುಡಿಯಲ್ಲಿ ಸೋಡಿಯಂ ಲವಣಗಳು ಹೆಚ್ಚು, ಬಟ್ಟೆ ಬೆಳ್ಳಗೆ ಕಾಣಲೆಂದು ಸೇರಿಸುವ ಹೊಳಪುಕಾರಕಗಳೂ ಸಾಮಾನ್ಯ. ಅವು ಬಟ್ಟೆಯನ್ನು ಶುಚಿ ಮಾಡುವುದಿಲ್ಲ, ಬೆಳಕನ್ನು ನೀಲಿಯಾಗಿ ಹಿಂದಿರುಗಿಸುತ್ತವೆ ಅಷ್ಟೆ. ನೀರಿನಲ್ಲಿ ನಿಧಾನವಾಗಿ ಕೊಳೆಯುತ್ತವೆ. ಕೋರಾ (ಬ್ಲೀಚ್ ಮಾಡದ ನೂಲಿನ ಸಹಜ) ಬಣ್ಣದ ಹೊಸ ಹೊದಿಕೆಗೆ ಅಂಥ ಪುಡಿ ತಾಗಿದರೆ ತೇಪೆ ತೇಪೆಯಾಗಿ ನೀಲಿ ಕಾಣುತ್ತದೆ, ಹಿಂದಿನ ಹದ ಬರುವುದಿಲ್ಲ. ಫಾಸ್ಫೇಟ್ ಇಲ್ಲವೆಂದು ಬರೆದಿದೆಯೇ ನೋಡಿ. ಕೆರೆಗಳಲ್ಲಿ ಪಾಚಿ, ಅಂತರಗಂಗೆ ಹಬ್ಬಲು ಫಾಸ್ಫೇಟೇ ಗೊಬ್ಬರ.

ಗಂಜಿ ಗಟ್ಟಿಯಾಗಿ ಕೂತ ಬೆಡ್‌ಶೀಟಿಗೆ ಎಂಜೈಮ್ ಇರುವ ಲಿಕ್ವಿಡ್ ನಿಜಕ್ಕೂ ಉಪಯೋಗಿ. ಅಮೈಲೇಸ್ ಎಂಬ ಎಂಜೈಮ್ ಗಂಜಿಯನ್ನು ಒಡೆದು ಕರಗುವಂತೆ ಮಾಡುತ್ತದೆ. ಪೊಟ್ಟಣದಲ್ಲಿ ಹೇಳಿದ ಅಳತೆಯ ಅರ್ಧ ಹಾಕಿ, 40 ಡಿಗ್ರಿ ನೀರಿನಲ್ಲಿ ಒಂದು ಗಂಟೆ ನೆನೆಸಿ. ಕುದಿನೀರು ಸುರಿದರೆ ಎಂಜೈಮ್ ಸತ್ತು, ಕೊಟ್ಟ ದುಡ್ಡು ನೀರಿಗೆ ಹೋಗುತ್ತದೆ. ದುಡ್ಡೇ ಬೇಡವೆಂದರೆ ಬರಿಯ ಉಗುರುಬೆಚ್ಚಗಿನ ನೀರಿನಲ್ಲಿ 12ರಿಂದ 24 ಗಂಟೆ ನೆನೆಹಾಕಿ. ಸೂಕ್ಷ್ಮಜೀವಿಗಳು ಗಂಜಿಯನ್ನು ತಿಂದು ಸಡಿಲಿಸುತ್ತವೆ, ನೀರು ಸ್ವಲ್ಪ ಹುಳಿ ವಾಸನೆ ಬರುವುದು ಅದರ ಲಕ್ಷಣ. ಹೆಸರಾಂತ ಹಳೆಯ ವಿಧಾನವಿದು. ಬೇಸಿಗೆಯಲ್ಲಿ 24 ಗಂಟೆ ದಾಟಿಸಬೇಡಿ, ಬೂಷ್ಟಿನ ಚುಕ್ಕಿ ಬಿದ್ದರೆ ತೆಗೆಯುವುದು ಕಷ್ಟ.

ಕೋರಾ ಬಟ್ಟೆಯನ್ನು ಬಿಳಿ ಮಾಡಬೇಕೆಂದರೆ ಕ್ಲೋರಿನ್ ಬ್ಲೀಚಿಗಿಂತ ಸೋಡಿಯಂ ಪರ್‌ಕಾರ್ಬೋನೇಟ್ ಮೇಲು. 15 ಲೀಟರ್ 50 ಡಿಗ್ರಿ ನೀರಿಗೆ 30–40 ಗ್ರಾಂ, ಒಂದೆರಡು ಗಂಟೆ. ಕೊನೆಗೆ ಉಳಿಯುವುದು ಸೋಡಾ, ನೀರು, ಆಮ್ಲಜನಕ. ತಣ್ಣೀರಿನಲ್ಲಿ ಅದರ ಕೆಲಸ ಬಹಳ ನಿಧಾನ. ಬೆರೆಸಿದ ನೀರನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ, ಅನಿಲ ತುಂಬಿ ಸಿಡಿಯುತ್ತದೆ.

ವಿನೆಗರ್, ಉಪ್ಪು, ಬಯೋ ಎಂಜೈಮ್

ಉಪ್ಪು ಅಥವಾ ವಿನೆಗರ್ ನೀರಿನಲ್ಲಿ ನೆನೆಸಿದರೆ ಬಣ್ಣ ಕಚ್ಚುತ್ತದೆ ಎನ್ನುವುದು ಮನೆಮನೆಯ ಮಾತು. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣ ಡೈಯಿಂಗ್ ತೊಟ್ಟಿಯಲ್ಲೇ ಕಚ್ಚಬೇಕು. ಅಲ್ಲಿ ಕಚ್ಚದ್ದು ಮನೆಯ ಉಪ್ಪಿಗೆ ಕಚ್ಚದು. ಸ್ಫಟಿಕವೂ ಅಷ್ಟೆ, ಅದು ಸಸ್ಯಬಣ್ಣ ಹಾಕುವ ಹೊತ್ತಿನ ಸಾಮಗ್ರಿ. ಬಿಡುಬಣ್ಣವನ್ನು ತೊಳೆದು ಕಳುಹಿಸುವುದೊಂದೇ ದಾರಿ. ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ 40–50 ಡಿಗ್ರಿ ನೀರಿನಲ್ಲಿ ಸ್ವಲ್ಪ ಲಿಕ್ವಿಡ್ ಹಾಕಿ ಬೇರೆಯಾಗಿ ಒಗೆಯಿರಿ. ಎರಡು ಮೂರು ಒಗೆತದಲ್ಲಿ ನೀರಿನ ಬಣ್ಣ ತಿಳಿಯಾಗುತ್ತ ಬಂದರೆ ಸರಿ. ಮೂರನೆಯ ಸಲವೂ ಮೊದಲಿನಷ್ಟೇ ಕೆಂಪು ನೀರು ಬಂದರೆ ಆ ಬಣ್ಣ ನಿಲ್ಲುವಂಥದ್ದಲ್ಲ. ಇನ್ನು ಮುಂದೆ ತಣ್ಣೀರು, ಪ್ರತ್ಯೇಕ ಬಕೆಟ್ಟು.

ವಿನೆಗರ್‌ನ ನಿಜವಾದ ಜಾಗ ಕೊನೆಯ ಜಾಲಾಟ. 15 ಲೀಟರಿಗೆ 100 ಮಿಲಿಲೀಟರ್ ಹಾಕಿದರೆ ಉಳಿದ ಸೋಡಾ ಶಮನವಾಗುತ್ತದೆ, ಸುಣ್ಣ ಕರಗುತ್ತದೆ, ಟವೆಲ್ಲು ಮೆತ್ತಗಾಗುತ್ತದೆ. ಕ್ಲೋರಿನ್ ಬ್ಲೀಚ್ ಬಳಸಿದ ಬಟ್ಟೆಗೆ ಮಾತ್ರ ಖಂಡಿತ ಹಾಕಬಾರದು, ವಿಷಾನಿಲ ಏಳುತ್ತದೆ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು ಸೇರಿಸಿ ಮೂರು ತಿಂಗಳು ಹುದುಗಿಸಿದ ಬಯೋ ಎಂಜೈಮ್ ಮಂಡ್ಯದ ಬೆಲ್ಲದ ಸೀಮೆಯಲ್ಲಿ ಅಗ್ಗವಾಗಿ ಆಗುತ್ತದೆ. ಅದರ ಕೆಲಸ ಬಹುಮಟ್ಟಿಗೆ ಅದರ ಹುಳಿಯಿಂದ. ವಿನೆಗರ್ ಬದಲು ಬಣ್ಣದ ಬಟ್ಟೆಯ ಕೊನೆಯ ಜಾಲಾಟಕ್ಕೆ ಒಳ್ಳೆಯದು, ಗಂಜಿ ಎಣ್ಣೆ ತೆಗೆಯಲು ಅದನ್ನೇ ನಂಬಬೇಡಿ.

ಯಾವ ಬಟ್ಟೆಗೆ ಯಾವುದು

ಬಿಳಿ ಹತ್ತಿಯ ಬೆಡ್‌ಶೀಟು, ದಿಂಬಿನ ಕವರು: ರಾತ್ರಿ ಬರಿನೀರಿನ ನೆನೆ, ಬೆಳಿಗ್ಗೆ ಸೋಡಾ ಬಿಸಿನೀರು, ಮೆದು ನೀರಿದ್ದರೆ ಸೋಪು, ಇಲ್ಲದಿದ್ದರೆ ಅರ್ಧ ಅಳತೆ ಲಿಕ್ವಿಡ್. ಮಗುವಿನ ಹಾಸಿಗೆಯದಾದರೆ ಎರಡು ಸಲ ಒಗೆದೇ ಹಾಸಿ.

ಟವೆಲ್ಲಿನ ಕಥೆ ಉದ್ದ. ಕೊಂಡ ಹೊಸದರಲ್ಲಿ ಮೈ ಒರೆಸಿದರೆ ನೀರು ಜಾರುವುದು ಸಿಲಿಕೋನ್ ಲೇಪದಿಂದ. ಬಿಸಿನೀರು, ಎರಡು ಟೀ ಚಮಚ ಸೋಡಾ, ಸ್ವಲ್ಪ ಲಿಕ್ವಿಡ್, ಕೊನೆಗೆ ವಿನೆಗರ್ ಜಾಲಾಟ. ಇದೇ ಕ್ರಮದಲ್ಲಿ ಮೂರು ಒಗೆತವಾದ ಮೇಲೆ ಹೀರತೊಡಗುತ್ತದೆ. ಫ್ಯಾಬ್ರಿಕ್ ಕಂಡಿಷನರ್ ಹಾಕಿದರೆ ಬಿಡಿಸಿದ ಲೇಪವನ್ನೇ ಮತ್ತೆ ಬಳಿದಂತೆ. ಮೊದಲ ಒಗೆತದಲ್ಲಿ ಜೂಲು ಬಹಳ ಬಿಡುತ್ತದೆ, ಬೇರೆ ಬಟ್ಟೆಯ ಜೊತೆ ಹಾಕಬೇಡಿ.

ಬಣ್ಣದ ಕೈಮಗ್ಗದ ಹೊದಿಕೆ, ಜಮಖಾನ, ಮೇಲುಕೋಟೆಯ ಕಡೆಯಿಂದ ತಂದ ಖಾದಿ, ಸಸ್ಯಬಣ್ಣದ ಬಟ್ಟೆ: ಇವಕ್ಕೆ ಅಂಟುವಾಳವೇ ಸರಿ. ತಣ್ಣೀರು, ಕಡಿಮೆ ಉಜ್ಜಾಟ, ನೆರಳಿನಲ್ಲಿ ಒಣಗು. ಸಸ್ಯಬಣ್ಣಕ್ಕೆ ವಿನೆಗರ್, ನಿಂಬೆ, ಸೋಡಾ ಮೂರೂ ದೂರ.

ಹೊಸ ಕಂಬಳಿಯ ಒರಟುತನಕ್ಕೆ ಹುಣಸೆಬೀಜದ ಗಂಜಿ ಕಾರಣ. ತಣ್ಣೀರಿನಲ್ಲಿ ನೆನೆಸಿ, ಅಂಟುವಾಳದ ನೀರಿನಲ್ಲಿ ಅದುಮಿ ಒಗೆಯಿರಿ. ಬಿಸಿನೀರು ಹಾಕಿ ಕುಕ್ಕಿದರೆ ಉಣ್ಣೆ ಗಂಟುಗಟ್ಟಿ ಕಂಬಳಿ ಕುಗ್ಗುತ್ತದೆ.

ಹತ್ತಿಯ ಪರದೆ ಬಟ್ಟೆಯನ್ನು ಹೊಲಿಸುವ ಮೊದಲೇ ಒಗೆಯಿರಿ. ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಿದರೂ ಏಳಡಿ ಪರದೆ ಮೂರು ನಾಲ್ಕು ಇಂಚು ಮೇಲೇರುತ್ತದೆ. ಪಾಲಿಯೆಸ್ಟರ್ ಪರದೆಗೆ ಗಂಜಿಯ ಚಿಂತೆ ಕಡಿಮೆ, ಆದರೆ ಮೊದಲ ಕೆಲವು ಒಗೆತಗಳಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಎಳೆಗಳನ್ನು ಹೆಚ್ಚು ಬಿಡುತ್ತದೆ. ತಣ್ಣೀರು, ತುಂಬಿದ ಡ್ರಮ್, ಚಿಕ್ಕ ಸೈಕಲ್. ಧೂಳಿಲ್ಲದಿದ್ದರೆ ಕೈಯಲ್ಲಿ ಒಮ್ಮೆ ಅದ್ದಿ ತೆಗೆದರೂ ಸಾಕು.

ಒಗೆದ ನೀರು ಎಲ್ಲಿಗೆ

ಒಳಚರಂಡಿ ಇರುವ ಮೈಸೂರಿನ ಮನೆಯ ನೀರು ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಯ ಶುದ್ಧೀಕರಣ ಘಟಕಗಳ ಕಡೆ ಹೋಗುತ್ತದೆ. ಅಲ್ಲಿ ಸೋಪು, ಲಿಕ್ವಿಡ್ಡು ಬಹುಪಾಲು ಕೊಳೆಯುತ್ತವೆ. ನೀರನ್ನು ತೆಂಗು, ಬಾಳೆಯ ಬುಡಕ್ಕೆ ಬಿಡುವ ಮನೆಗಳಲ್ಲಿ ಯೋಚನೆ ಬೇರೆ ಇರಬೇಕು. ಸೋಡಾ, ಪುಡಿಯ ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಬಿಡಿ ಮಾಡಿ, ಮಣ್ಣು ಒಣಗಿದಾಗ ಹೆಪ್ಪುಗಟ್ಟಿ ನೀರು ಇಂಗದಂತೆ ಮಾಡುತ್ತದೆ. ನಾಲೆಯ ಬಯಲಿನಲ್ಲಿ ಚೌಳು ಹಿಡಿದ ಗದ್ದೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಅಂಟುವಾಳ ಅಥವಾ ಲಿಕ್ವಿಡ್ ಆರಿಸಿ, ಸೋಡಾ ಬಳಸಿದ ಮೊದಲ ನೀರನ್ನು ಚರಂಡಿಗೆ ಬಿಟ್ಟು ಜಾಲಿಸಿದ ನೀರನ್ನಷ್ಟೇ ಗಿಡಕ್ಕೆ ಕೊಡಿ, ಒಂದೇ ಬುಡಕ್ಕೆ ದಿನಾ ಹಾಕದೆ ಜಾಗ ಬದಲಿಸಿ. ಕೈಮಗ್ಗದ ಬಟ್ಟೆ ನೆನೆದ ಬರಿಯ ಗಂಜಿನೀರನ್ನು ಬಣ್ಣ ಬಿಟ್ಟಿರದಿದ್ದರೆ ನೇರವಾಗಿ ಗಿಡಕ್ಕೆ ಹಾಕಬಹುದು. ಮಿಲ್ಲಿನ ಬಟ್ಟೆಯದ್ದು ಬೇಡ, ಅದರ ಗಂಜಿಯಲ್ಲಿ ಕೃತಕ ಅಂಟೂ ಇರುತ್ತದೆ.

ಮಿಶಿನ್ ಇದ್ದವರೂ ನೆನೆಹಾಕುವುದನ್ನು ಟಬ್ಬಿನಲ್ಲೇ ಮುಗಿಸಿ, ಗಂಜಿನೀರು ಚೆಲ್ಲಿ, ಹಿಂಡಿದ ಮೇಲೆ ಮಿಶಿನ್ನಿಗೆ ಹಾಕಿ. ಗಂಜಿ ಕಟ್ಟಿದ ಬೆಡ್‌ಶೀಟನ್ನು ನೇರವಾಗಿ ಹಾಕಿದರೆ ನೊರೆ ಸೇರಿ ಫಿಲ್ಟರಿನಲ್ಲಿ ಲೋಳೆ ಕಟ್ಟುತ್ತದೆ, ಎರಡನೆಯ ಸೈಕಲ್ ಓಡಿಸಬೇಕಾಗುತ್ತದೆ. ಫ್ರಂಟ್ ಲೋಡಿಗೆ ಟಾಪ್ ಲೋಡಿಗಿಂತ ನೀರು ಬಹಳ ಕಡಿಮೆ ಸಾಕು, ಆದರೆ ಅದರ 60 ಡಿಗ್ರಿ ಸೈಕಲ್ ಕರೆಂಟಿನಿಂದ ನೀರು ಕಾಯಿಸುತ್ತದೆ. ಟಬ್ಬಿನಲ್ಲಿ ಸೋಲಾರ್ ಬಿಸಿನೀರಿನ ನೆನೆ ಆಗಿದ್ದರೆ ತಣ್ಣೀರಿನ ಸೈಕಲ್ ಸಾಕು. ಒಣಗಿದ ಮೇಲೆ ಮತ್ತೊಮ್ಮೆ ಹನಿ ನೀರು, ಹನಿ ಅಯೋಡಿನ್ ಹಾಕಿ ನೋಡಿ. ಹನಿ ಹೀರಿ, ನೀಲಿ ಬರದಿದ್ದರೆ ಮುಂದಿನ ಒಗೆತದಿಂದ ಸೋಡಾ ಬೇಡ, ಮಾಮೂಲಿ ಬಟ್ಟೆಯ ಜೊತೆಗೇ ಒಗೆಯಬಹುದು.